ಒಂದು ಕ್ಲಿಕ್ ತಿರುಗಿಸಿದ್ರೆ ಗುಂಡು ಎಷ್ಟು ಸರಿಯುತ್ತೆ? ಟಾರ್ಗೆಟ್ ರಿವಾಲ್ವರ್ ಸೈಟ್‌ನ ಲೆಕ್ಕಾಚಾರ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಲಾಗಿದೆ.)



2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದು ಫೋಟೋ ವೈರಲ್ ಆಗಿತ್ತು, ನೆನಪಿದ್ಯಾ? ಟರ್ಕಿಯ ಯೂಸುಫ್ ದಿಕೆಚ್. ಒಂದು ಕೈ ಜೇಬಲ್ಲಿ, ಮುಖದ ಮೇಲೆ ಸಾದಾ ಕನ್ನಡಕ, ಇನ್ನೊಂದು ಕೈಯಲ್ಲಿ ಏರ್ ಪಿಸ್ತೂಲ್. 10 ಮೀಟರ್ ಮಿಕ್ಸೆಡ್ ಟೀಮ್‌ನಲ್ಲಿ ಬೆಳ್ಳಿ ಗೆದ್ರು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್‌ಗೆ ಕಂಚು ಬಂತು. ಮೀಮ್‌ಗಳೆಲ್ಲ ಏನು ಹೇಳಿದ್ವು? "ಅಂಕಲ್ ಯಾವ ಸಾಮಾನೂ ಇಲ್ದೆ ಬಂದು ಹೊಡೆದು ಹೋದ್ರು" ಅಂತ.

ಆದರೆ ಆ ಪಿಸ್ತೂಲ್‌ನ ಹಿಂಭಾಗದಲ್ಲಿ ಫೋಟೋದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಸಾಮಾನು ಇತ್ತು. ಸಣ್ಣ ಸ್ಕ್ರೂಗಳಿಂದ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಬಹುದಾದ ಹಿಂದಿನ ಸೈಟ್. ಒಲಿಂಪಿಕ್ ಶೈಲಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ದುರ್ಬೀನಿಲ್ಲ, ಲೇಸರ್ ಇಲ್ಲ. ಗುರಿ ಹಿಡಿಯೋಕೆ ಇರೋದು ಎರಡು ಕಬ್ಬಿಣದ ತುಂಡು, ಅಷ್ಟೇ.

ಇವತ್ತಿನ ವಿಷಯ ಅದೇ ಸೈಟ್. ಬೆಂಗಳೂರಿನವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಥರ್ಟಿ-ಫಾರ್ಟಿ ಸೈಟ್ ಅಲ್ಲ! ಬಂದೂಕಿನ ಮೇಲಿರೋ ಸೈಟ್. ಅದರಲ್ಲೂ ಟಾರ್ಗೆಟ್ ರಿವಾಲ್ವರ್‌ನ ಅಡ್ಜಸ್ಟೇಬಲ್ ಸೈಟ್. ಅದು ಹೇಗೆ ಕೆಲಸ ಮಾಡುತ್ತೆ, ಅದು ಸರಿಯಾಗಿದ್ಯಾ ಅಂತ ಪರೀಕ್ಷೆ ಮಾಡೋದು ಹೇಗೆ, ಮತ್ತೆ ಮುಖ್ಯವಾಗಿ, ಯಾವಾಗ ಅದನ್ನ ಮುಟ್ಟಲೇಬಾರದು.

ಪಿಸ್ತೂಲ್ ಬಿಟ್ಟು ರಿವಾಲ್ವರ್ ಯಾಕೆ ಅಂದ್ರೆ, ರಿವಾಲ್ವರ್‌ನಲ್ಲಿ ಒಂದು ಹೆಚ್ಚುವರಿ ಗೊಂದಲ ಇದೆ. ಅದು ಅರ್ಥ ಆದ್ರೆ ಉಳಿದ ಎಲ್ಲಾ ಗನ್‌ಗಳ ಸೈಟೂ ಸಲೀಸು.

ಕಚ್ಚು, ಕಂಬ ಮತ್ತು ಎರಡು ಸ್ಕ್ರೂ

ಮೊದಲು ಸಾಮಾನು ನೋಡೋಣ. ಬ್ಯಾರೆಲ್ ತುದಿಯಲ್ಲಿ ಒಂದು ಚೌಕಾಕಾರದ ಕಂಬ ಇರುತ್ತೆ, ಅದು ಮುಂದಿನ ಸೈಟ್. ಕಣ್ಣಿಗೆ ಹತ್ತಿರ ಒಂದು ಪಟ್ಟಿ, ಅದರಲ್ಲೊಂದು ಚೌಕಾಕಾರದ ಕಚ್ಚು, ಅದು ಹಿಂದಿನ ಸೈಟ್. ಕಚ್ಚಿನ ಮಧ್ಯದಲ್ಲಿ ಕಂಬ ಕಾಣಬೇಕು, ಎರಡೂ ಕಡೆ ಬೆಳಕು ಸಮ ಇರಬೇಕು, ಎರಡರ ತಲೆಯೂ ಒಂದೇ ಗೆರೆಯಲ್ಲಿರಬೇಕು. ಈ ಚೌಕ-ಚೌಕ ಜೋಡಿಗೆ ಪ್ಯಾಟ್ರಿಜ್ ಸೈಟ್ ಅಂತ ಹೆಸರು. 19ನೇ ಶತಮಾನದ ಕೊನೆಯಲ್ಲಿ ಇದನ್ನ ರೂಢಿಗೆ ತಂದ ಅಮೆರಿಕದ ಶೂಟರ್ ಇ. ಇ. ಪ್ಯಾಟ್ರಿಜ್ ಅವರ ಹೆಸರು ಅದು. ಇವತ್ತಿಗೂ ಟಾರ್ಗೆಟ್ ಶೂಟಿಂಗ್‌ನಲ್ಲಿ ಇದೇ ವಿನ್ಯಾಸ.

ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-22 ಮತ್ತು ಕೆ-38 ರಿವಾಲ್ವರ್‌ಗಳನ್ನ ಇದಕ್ಕೆ ಒಳ್ಳೇ ಉದಾಹರಣೆಯಾಗಿ ತಗೋಬಹುದು. ಕೆ-22 ಶುರುವಾಗಿದ್ದು 1930ರ ದಶಕದ ಆರಂಭದಲ್ಲಿ. 1957ರಲ್ಲಿ ಕಂಪನಿ ಹೆಸರುಗಳ ಬದಲು ನಂಬರ್ ಕೊಡೋಕೆ ಶುರು ಮಾಡಿದಾಗ ಕೆ-22 ಮಾಸ್ಟರ್‌ಪೀಸ್ ಮಾಡೆಲ್ 17 ಆಯ್ತು, ಕೆ-38 ಮಾಡೆಲ್ 14 ಆಯ್ತು. ಇವುಗಳ ಹಿಂದಿನ ಸೈಟ್ ನೋಡೋಕೆ ಒಂದು ಉದ್ದನೆಯ ಉಕ್ಕಿನ ನಾಲಿಗೆ ಥರ. ಮುಂದಿನ ತುದಿ ರಿವಾಲ್ವರ್‌ನ ನೆತ್ತಿಗೆ ಸ್ಕ್ರೂನಿಂದ ಬಿಗಿಯಾಗಿರುತ್ತೆ. ಹಿಂದಿನ ತುದಿಯಲ್ಲಿ ಎರಡು ಸ್ಕ್ರೂ. ಒಂದು ಆ ನಾಲಿಗೆಯನ್ನ ಮೇಲೆ ಕೆಳಗೆ ಮಾಡುತ್ತೆ. ಇನ್ನೊಂದು ಕಚ್ಚಿರೋ ಪಟ್ಟಿಯನ್ನ ಅಡ್ಡಕ್ಕೆ ಸರಿಸುತ್ತೆ. ತಿರುಗಿಸಿದಾಗ "ಕ್ಲಿಕ್, ಕ್ಲಿಕ್" ಅಂತ ಬೆರಳಿಗೆ ಗೊತ್ತಾಗುತ್ತೆ.

ನಿಯಮ ಒಂದೇ ಸಾಲು: ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಅದೇ ಕಡೆ ಸರಿಸಿ. ಗುಂಡು ಮೇಲೆ ಬೀಳಬೇಕಾ? ಹಿಂದಿನ ಸೈಟ್ ಮೇಲೆ. ಬಲಕ್ಕೆ ಬೇಕಾ? ಹಿಂದಿನ ಸೈಟ್ ಬಲಕ್ಕೆ. ಮುಂದಿನ ಸೈಟ್ ಮಾತ್ರ ಉಲ್ಟಾ. ಅದನ್ನ ಎತ್ತರ ಮಾಡಿದ್ರೆ ಗುಂಡು ಕೆಳಗೆ ಹೋಗುತ್ತೆ.

ಆದರೆ ಸ್ಕ್ರೂ ಯಾವ ಕಡೆ ತಿರುಗಿಸಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಇಲ್ಲೊಂದು ಮಜಾ ಇದೆ. ಅಮೆರಿಕದ ಗನ್ ಮೇಲೆ "ಅಪ್" ಅಂತ ಬಾಣದ ಗುರುತಿದ್ರೆ, ಆ ಕಡೆ ತಿರುಗಿಸಿದ್ರೆ ಗುಂಡು ಮೇಲೆ ಹೋಗುತ್ತೆ ಅಂತ ಅರ್ಥ. ಎಷ್ಟೋ ಜರ್ಮನ್ ಶೈಲಿಯ ಗನ್‌ಗಳಲ್ಲಿ 'ಎಚ್' ಮತ್ತು 'ಟಿ' ಅಂತ ಗುರುತಿರುತ್ತೆ. ಎಚ್ ಅಂದ್ರೆ ಜರ್ಮನ್‌ನಲ್ಲಿ ಎತ್ತರ, ಟಿ ಅಂದ್ರೆ ತಗ್ಗು. ಅಲ್ಲಿ ಎಚ್ ಕಡೆ ತಿರುಗಿಸಬೇಕಾಗಿರೋದು ಗುಂಡು ಈಗಾಗಲೇ ಮೇಲೆ ಬೀಳ್ತಿದ್ರೆ! ಅಂದ್ರೆ ಒಂದು ಗುರುತು ಮದ್ದು ಹೇಳುತ್ತೆ, ಇನ್ನೊಂದು ಕಾಯಿಲೆ ಹೇಳುತ್ತೆ. ಆದ್ದರಿಂದ ಗುರುತು ನಂಬಬೇಡಿ. ಸ್ಕ್ರೂ ತಿರುಗಿಸುವಾಗ ಕಚ್ಚು ಯಾವ ಕಡೆ ಹೋಗ್ತಿದೆ ಅಂತ ಕಣ್ಣಾರೆ ನೋಡಿ.

ಒಂದು ಹಾಳೆಯ ದಪ್ಪಕ್ಕೆ ಎಷ್ಟು ವ್ಯತ್ಯಾಸ?

ಈಗ ಲೆಕ್ಕ. ಹೈಸ್ಕೂಲಿನ ಸಮರೂಪ ತ್ರಿಭುಜ ಸಾಕು.

ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವಿನ ದೂರಕ್ಕೆ ಸೈಟ್ ರೇಡಿಯಸ್ ಅಂತಾರೆ. ಅಂತರರಾಷ್ಟ್ರೀಯ 25 ಮೀಟರ್ ಸ್ಪರ್ಧೆಗಳಲ್ಲಿ ಇದು 220 ಮಿ.ಮೀ. ದಾಟೋ ಹಾಗಿಲ್ಲ. ನಾವು ಲೆಕ್ಕಕ್ಕೆ ಸುಲಭವಾಗಲಿ ಅಂತ 200 ಮಿ.ಮೀ. ಅಂತ ಇಟ್ಕೊಳ್ಳೋಣ. ಟಾರ್ಗೆಟ್ 25 ಮೀಟರ್ ದೂರ, ಅಂದ್ರೆ 25,000 ಮಿ.ಮೀ. ಭಾಗಿಸಿದ್ರೆ 125.

ಅಂದ್ರೆ ಹಿಂದಿನ ಸೈಟ್ ಎಷ್ಟು ಸರಿಯುತ್ತೋ, ಟಾರ್ಗೆಟ್ ಮೇಲೆ ಗುಂಡು ಅದರ 125 ಪಟ್ಟು ಸರಿಯುತ್ತೆ.

ಝೆರಾಕ್ಸ್ ಅಂಗಡಿಯ ಎ4 ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಸೈಟ್ ಅಷ್ಟು ಸರಿದ್ರೆ ಟಾರ್ಗೆಟ್ ಮೇಲೆ 12.5 ಮಿ.ಮೀ. ಎರಡು ಹಾಳೆಯಷ್ಟು ಸರಿದ್ರೆ 25 ಮಿ.ಮೀ. 25 ಮೀಟರ್ ಪ್ರಿಸಿಷನ್ ಟಾರ್ಗೆಟ್‌ನಲ್ಲಿ 10 ಅಂಕದ ವೃತ್ತದ ವ್ಯಾಸ 50 ಮಿ.ಮೀ. ಹಾಗಾದ್ರೆ ಬರೀ ಎರಡು ಹಾಳೆಯ ದಪ್ಪ ನಿಮ್ಮ ಗುಂಡನ್ನ ಹತ್ತರ ನಟ್ಟನಡುವಿನಿಂದ ಹತ್ತರ ಅಂಚಿಗೆ ತಳ್ಳುತ್ತೆ.

ಇದರಿಂದಲೇ ಇನ್ನೊಂದು ವಿಷಯ ಗೊತ್ತಾಗುತ್ತೆ. ಸೈಟ್ ರೇಡಿಯಸ್ ಅರ್ಧ ಆದ್ರೆ, ಅಷ್ಟೇ ತಪ್ಪಿಗೆ ದಂಡ ಎರಡು ಪಟ್ಟು. ಸಿನಿಮಾದಲ್ಲಿ ತೋರಿಸೋ ಮೋಟು ರಿವಾಲ್ವರ್‌ಗಳಿಂದ ಯಾರೂ ಟಾರ್ಗೆಟ್ ಸ್ಪರ್ಧೆಗೆ ಇಳಿಯಲ್ಲ. ಟಾರ್ಗೆಟ್ ರಿವಾಲ್ವರ್‌ಗಳ ಬ್ಯಾರೆಲ್ ಸಾಮಾನ್ಯವಾಗಿ 6 ಇಂಚು ಇರೋದಕ್ಕೆ ಇದು ಒಂದು ಮುಖ್ಯ ಕಾರಣ.

ಈಗ ಕ್ಲಿಕ್‌ಗೆ ಬರೋಣ. ಸ್ಕ್ರೂ ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಹೋಗುತ್ತೆ, ಒಂದು ಸುತ್ತಿಗೆ 10 ಕ್ಲಿಕ್ ಅಂತ ಅಂದ್ಕೊಳ್ಳಿ. ಒಂದು ಕ್ಲಿಕ್‌ಗೆ 0.05 ಮಿ.ಮೀ. ಅದನ್ನ 125ರಿಂದ ಗುಣಿಸಿದ್ರೆ 6.25 ಮಿ.ಮೀ. ನಾಲ್ಕು ಕ್ಲಿಕ್‌ಗೆ 25 ಮಿ.ಮೀ. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿದೆ. ನಿಮ್ಮ ಕೈಯಲ್ಲಿರೋ ಆ ಒಂದು ಗನ್ ಇದನ್ನ ಪಾಲಿಸುತ್ತಾ? ಅದಕ್ಕೇ ಪರೀಕ್ಷೆ ಬೇಕು.

ಇದಕ್ಕೆ ಇಷ್ಟು ತಲೆಬಿಸಿ ಯಾಕೆ?

25 ಮೀಟರ್ ಸೆಂಟರ್‌ಫೈರ್ ಅನ್ನೋ ಸ್ಪರ್ಧೆ ಇದೆ. ಇದು ಒಲಿಂಪಿಕ್ಸ್‌ನಲ್ಲಿಲ್ಲ, ಆದರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿದೆ. ಪಾಯಿಂಟ್ 32, ಪಾಯಿಂಟ್ 38 ಕ್ಯಾಲಿಬರ್‌ಗಳು ಬರೋದು ಇಲ್ಲಿ. ನಿಯಮದ ಪ್ರಕಾರ ರಿವಾಲ್ವರ್ ಕೂಡ ನಡೆಯುತ್ತೆ. ಒಟ್ಟು 60 ಗುಂಡು, 600 ಅಂಕ. ಮೊದಲ 30 ನಿಧಾನದ ಪ್ರಿಸಿಷನ್ ಹಂತ. ಐದೈದು ಗುಂಡಿನ ಸರಣಿ, ಪ್ರತಿ ಸರಣಿಗೆ 5 ನಿಮಿಷ. ಆಮೇಲಿನ 30 ರ್‍ಯಾಪಿಡ್ ಹಂತ. ಇದರಲ್ಲಿ ಟಾರ್ಗೆಟ್ 3 ಸೆಕೆಂಡ್ ಮುಖ ತೋರಿಸುತ್ತೆ, 7 ಸೆಕೆಂಡ್ ಮರೆಯಾಗುತ್ತೆ. ಪ್ರತಿ ಸಲ ಒಂದೇ ಗುಂಡು.

2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಭಾರತದ ಜಸ್ಪಾಲ್ ರಾಣಾ 590 ಹೊಡೆದು ಚಿನ್ನ ಗೆದ್ರು, ಆಗಿನ ವಿಶ್ವದಾಖಲೆಯನ್ನ ಸರಿಗಟ್ಟಿದ್ರು. ಮುಂದೆ ಮನು ಭಾಕರ್‌ಗೆ ಕೋಚ್ ಆಗಿದ್ದೂ ಇವರೇ. 590 ಅಂದ್ರೆ 60 ಗುಂಡಿನಲ್ಲಿ ಕಳೆದುಕೊಂಡಿದ್ದು ಬರೀ 10 ಅಂಕ. ಈ ಮಟ್ಟದಲ್ಲಿ ಎರಡು ಹಾಳೆಯ ದಪ್ಪದ ತಪ್ಪು ಅಂದ್ರೆ ಪದಕ ಕೈತಪ್ಪಿದ ಹಾಗೆ.

ಮತ್ತೆ ಪ್ರತಿ ಹಂತಕ್ಕೂ ಮುಂಚೆ ಸೈಟ್ ಸರಿಮಾಡಿಕೊಳ್ಳೋಕೆ ಸಿಗೋದು ಒಂದೇ ಅಭ್ಯಾಸ ಸರಣಿ, ಅಂದ್ರೆ 5 ಗುಂಡು. ಆ ಐದರಲ್ಲಿ ನೀವು "ಒಂದು ಕ್ಲಿಕ್ ಹಾಕಿ ನೋಡೋಣ, ಇನ್ನೊಂದು ಹಾಕಿ ನೋಡೋಣ" ಅಂತ ಕೂರೋಕಾಗಲ್ಲ. ಒಂದು ಕ್ಲಿಕ್‌ನ ಬೆಲೆ ಮೊದಲೇ ಗೊತ್ತಿರಬೇಕು.

ಇನ್ನೊಂದು ನಮ್ಮ ದೇಶದ ವಾಸ್ತವ. ಇಲ್ಲಿ ರಿವಾಲ್ವರ್‌ಗೆ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು, ಗುಂಡಿಗೂ ಮಿತಿ ಇದೆ, ಒಂದೊಂದಕ್ಕೂ ಲೆಕ್ಕ ಕೊಡಬೇಕು. ಮಗಳ ಶೂಟಿಂಗ್‌ಗೆ ಅಂತ ಸಾಲ ಮಾಡೋ ಅಪ್ಪ ಅಮ್ಮ ಇದ್ದಾರೆ. ಗೊತ್ತುಗುರಿ ಇಲ್ಲದ ಸೈಟ್ ತಿರುಗಿಸಾಟದಲ್ಲಿ ನೂರು ಗುಂಡು ಹಾಳಾದ್ರೆ, ಅದು ಅಭ್ಯಾಸದಿಂದ ಕದ್ದ ನೂರು ಗುಂಡು.

ಮುಂದೆ ಹೇಳೋದೆಲ್ಲ ಅನುಮತಿ ಇರೋ ಶೂಟಿಂಗ್ ರೇಂಜ್‌ನಲ್ಲಿ, ಕೋಚ್ ಅಥವಾ ರೇಂಜ್ ಅಧಿಕಾರಿ ಇರುವಾಗ ಮಾತ್ರ ಮಾಡೋದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಕಡ್ಡಾಯ. ಇದು ಸುಮ್ನೆ ಹೇಳಬೇಕು ಅಂತ ಹೇಳ್ತಿರೋ ಮಾತಲ್ಲ.

ಮೊದಲ ಪರೀಕ್ಷೆ: ಗುಂಡಿಲ್ಲದೆ

ಸಿಲಿಂಡರ್ ತೆರೆಯಿರಿ. ಆರೂ ಗೂಡು ಖಾಲಿ ಇದ್ಯಾ ನೋಡಿ. ಇನ್ನೊಬ್ಬರಿಗೂ ತೋರಿಸಿ. ಗುಂಡಿನ ಡಬ್ಬಿ ಬೇರೆ ಮೇಜಿಗೆ ಹೋಗಲಿ. ಈಗ ಶುರು.

ಒಂದು, ಅಲುಗಾಟ. ಕಚ್ಚಿನ ಪಟ್ಟಿಯನ್ನ ಉಗುರಿನಿಂದ ಮೆಲ್ಲಗೆ ಎಡಕ್ಕೆ ಬಲಕ್ಕೆ ತಳ್ಳಿ. ಲಟಲಟ ಅಂತ ಆಡಿದ್ರೆ ಅದೇ ನಿಮ್ಮ ಮೊದಲ ಶತ್ರು. ನಾಲಿಗೆಯ ಮುಂದಿನ ಸ್ಕ್ರೂ ಬಿಗಿ ಇದ್ಯಾ ಅಂತಲೂ ನೋಡಿ. ಸ್ಕ್ರೂಡ್ರೈವರ್ ಕಚ್ಚಿಗೆ ಸರಿಯಾಗಿ ಕೂರಬೇಕು. ಮೊಬೈಲ್ ರಿಪೇರಿ ಕಿಟ್‌ನಲ್ಲಿರೋ ಯಾವುದೋ ಒಂದರಿಂದ ತಿರುಗಿಸಿದ್ರೆ ಸ್ಕ್ರೂ ತಲೆ ಹಾಳಾಗುತ್ತೆ.

ಎರಡು, ಹುಸಿ ಕ್ಲಿಕ್. ಹಳೇ ಸೈಕಲ್‌ನ ಹ್ಯಾಂಡಲ್ ತಿರುಗಿಸಿದಾಗ ಮೊದಲು ಸ್ವಲ್ಪ ಖಾಲಿ ಆಡಿ, ಆಮೇಲೆ ಚಕ್ರ ತಿರುಗುತ್ತಲ್ಲ, ಹಾಗೇ ಸ್ಕ್ರೂನಲ್ಲೂ ಆಗಬಹುದು. ಐದು ಕ್ಲಿಕ್ ಬಲಕ್ಕೆ ಹಾಕಿ, ಈಗ ಒಂದು ಕ್ಲಿಕ್ ವಾಪಸ್. ಪಟ್ಟಿ ನಿಜವಾಗ್ಲೂ ಸರಿಯಿತಾ? ಡಿಜಿಟಲ್ ಕ್ಯಾಲಿಪರ್ ಇದ್ರೆ ಪಟ್ಟಿಯ ಅಂಚಿನಿಂದ ಫ್ರೇಮ್ ಅಂಚಿನವರೆಗೆ ಅಳೆಯಿರಿ. ಕಿವಿಗೆ ಕ್ಲಿಕ್ ಕೇಳಿಸಿದ್ರೂ ಪಟ್ಟಿ ಸರಿಯದೇ ಇದ್ರೆ ಅದು ಹುಸಿ ಕ್ಲಿಕ್. ಇದಕ್ಕೊಂದು ಹಳೇ ಉಪಾಯ ಇದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿ. ಎರಡು ಕ್ಲಿಕ್ ಹಿಂದೆ ಹೋಗಬೇಕಿದ್ರೆ ನಾಲ್ಕು ಹಿಂದೆ ಹೋಗಿ, ಎರಡು ಮುಂದೆ ಬನ್ನಿ.

ಮೂರು, ತಳದ ಲೆಕ್ಕ. ಎತ್ತರದ ಸ್ಕ್ರೂವನ್ನ ಮೆಲ್ಲಗೆ ಪೂರ್ತಿ ಕೆಳಗೆ ಇಳಿಸಿ, ಒತ್ತಾಯ ಮಾಡಬೇಡಿ. ಇಳಿಸುವಾಗ ಎಷ್ಟು ಕ್ಲಿಕ್ ಆಯ್ತು ಅಂತ ಎಣಿಸಿ ಬರೆದಿಡಿ. ಯಾರಾದ್ರೂ ಸೈಟ್ ಅಲುಗಿಸಿದ್ರೂ ನಿಮ್ಮ ಜಾಗಕ್ಕೆ ವಾಪಸ್ ಬರೋಕೆ ಆ ಒಂದು ಸಂಖ್ಯೆ ಸಾಕು.

ಎರಡನೇ ಪರೀಕ್ಷೆ: ಆರು ಗೂಡು, ಒಂದು ಬ್ಯಾರೆಲ್

ಆಗ ಹೇಳಿದ ಹೆಚ್ಚುವರಿ ಗೊಂದಲ ಇದೇ. ಪಿಸ್ತೂಲ್‌ನಲ್ಲಿ ಗುಂಡು ಸಿಡಿಯೋ ಗೂಡು ಒಂದೇ. ರಿವಾಲ್ವರ್‌ನಲ್ಲಿ ಆರು. ಪ್ರತಿ ಸಲ ಸಿಲಿಂಡರ್ ತಿರುಗಿ ಹೊಸ ಗೂಡು ಬ್ಯಾರೆಲ್ ಎದುರು ಬಂದು ಲಾಕ್ ಆಗಬೇಕು. ಒಂದು ಗೂಡು ಕೂದಲೆಳೆಯಷ್ಟು ಓರೆಯಾಗಿ ನಿಂತ್ರೂ ಅದರ ಗುಂಡು ಬೇರೆ ಕಡೆ ಬೀಳಬಹುದು. ಒಂದು ಲೆಕ್ಕದಲ್ಲಿ ರಿವಾಲ್ವರ್ ಅಂದ್ರೆ ಒಂದೇ ಬ್ಯಾರೆಲ್ ಹಂಚಿಕೊಂಡಿರೋ ಆರು ಗನ್. ಬಾಡಿಗೆ ಮನೆಯಲ್ಲಿ ಆರು ಜನ, ಬಾತ್‌ರೂಮ್ ಒಂದು!

ಹಾಗಾಗಿ ಸೈಟ್ ಮೇಲೆ ತಪ್ಪು ಹೊರಿಸೋ ಮುಂಚೆ ಗೂಡುಗಳನ್ನ ವಿಚಾರಿಸಿ. ಮಾರ್ಕರ್‌ನಿಂದ 1ರಿಂದ 6ರವರೆಗೆ ಗುರುತು ಹಾಕಿ. ಕೈಯನ್ನ ಮರಳಿನ ಚೀಲದ ಮೇಲೆ ಇಟ್ಟು ಹೊಡೆಯಿರಿ. ನೆನಪಿಡಿ, ಚೀಲದ ಮೇಲೆ ಇಡಬೇಕಾಗಿರೋದು ಕೈ, ಬ್ಯಾರೆಲ್ ಅಲ್ಲ. ಪ್ರತಿ ಗೂಡಿಗೂ ಒಂದು ಪ್ರತ್ಯೇಕ ಟಾರ್ಗೆಟ್, ಐದೈದು ಗುಂಡು. ಆದರೆ ಒಂದನೇ ಗೂಡಿನ ಐದೂ ಒಟ್ಟಿಗೆ ಹೊಡೀಬೇಡಿ. 1, 2, 3, 4, 5, 6 ಅಂತ ಒಂದೊಂದು ಹೊಡೆದು, ಮತ್ತೆ 1ರಿಂದ ಶುರು ಮಾಡಿ. ಕೊನೆಗೆ ಕೈ ಸುಸ್ತಾದ್ರೆ ಆ ಸುಸ್ತು ಆರಕ್ಕೂ ಸಮವಾಗಿ ಹಂಚಿಹೋಗುತ್ತೆ. ಒಟ್ಟು 30 ಗುಂಡು.

ಐದು ಗೂಡು ಒಂದೇ ಕಡೆ ಗುಂಪು ಮಾಡಿ, ನಾಲ್ಕನೆಯದು ಮಾತ್ರ ದೂರ ಬೀಳ್ತಿದೆ ಅಂದ್ಕೊಳ್ಳಿ. ಸಿಹಿ ಸುದ್ದಿ ಏನಂದ್ರೆ ಸ್ಪರ್ಧೆಯ ಸರಣಿ ಐದೇ ಗುಂಡಿನದು. ನಾಲ್ಕನೇ ಗೂಡು ಖಾಲಿ ಬಿಡಿ, ಮುಗೀತು. ಎಲ್ಲ ಗೂಡೂ ಚೆಲ್ಲಾಪಿಲ್ಲಿ ಆದ್ರೆ ಗನ್‌ಸ್ಮಿತ್ ಹತ್ರ ಹೋಗಬೇಕು. ಅದಕ್ಕೆ ಸೈಟ್ ಸ್ಕ್ರೂನಲ್ಲಿ ಮದ್ದಿಲ್ಲ.

ಮೂರನೇ ಪರೀಕ್ಷೆ: ಚೌಕ ಸುತ್ತಿ ಬರೋದು

ಈಗ ಕ್ಲಿಕ್ ಪರೀಕ್ಷೆ. ಬಿ.ಕಾಂ. ಓದಿದವರಿಗೆ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರ್ ನೆನಪಿರಬಹುದು. ನಾನು ಅದನ್ನ ಓದಿದ್ದು ಪಾಸಾಗೋಕೆ, ಆದರೆ ಅದು ಇಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ.

ಒಬ್ಬ ಶೂಟರ್‌ನ ಗುಂಡುಗಳ ಹರಡುವಿಕೆ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್, 20 ಮಿ.ಮೀ. ಅಂತ ಇಟ್ಕೊಳ್ಳೋಣ. ಐದು ಗುಂಡಿನ ಸರಾಸರಿ ತಗೊಂಡ್ರೆ ಆ ಸರಾಸರಿಯಲ್ಲೇ ಸುಮಾರು 9 ಮಿ.ಮೀ. ಅನಿಶ್ಚಿತತೆ ಇರುತ್ತೆ. 20ನ್ನ ಐದರ ವರ್ಗಮೂಲದಿಂದ ಭಾಗಿಸಿದ್ರೆ ಸಿಗೋದು ಅಷ್ಟೇ. ಆದರೆ ನಮ್ಮ ಒಂದು ಕ್ಲಿಕ್ ಸರಿಸೋದು 6.25 ಮಿ.ಮೀ. ಅಂದ್ರೆ ಒಂದು ಕ್ಲಿಕ್ ಹಾಕಿ ಐದು ಗುಂಡು ಹೊಡೆದು "ಹಾ, ಸರಿಯಿತು" ಅನ್ನೋದು ಬರೀ ಭ್ರಮೆ. ಅದು ಕ್ಲಿಕ್‌ನಿಂದ ಆಯ್ತೋ, ಅದೃಷ್ಟದಿಂದ ಆಯ್ತೋ ಹೇಳೋಕೆ ಆಗಲ್ಲ.

ಹಾಗಾದ್ರೆ? ಒಂದು ಎ4 ಹಾಳೆಯ ದಪ್ಪ ಸ್ಕೂಲ್ ಸ್ಕೇಲ್‌ನಲ್ಲಿ ಅಳೆಯೋಕಾಗಲ್ಲ. ಆದರೆ 500 ಹಾಳೆಯ ಬಂಡಲ್ ಅಳೆದು 500ರಿಂದ ಭಾಗಿಸಬಹುದು. ಇಲ್ಲೂ ಅದನ್ನೇ ಮಾಡಿ. ಒಂದೊಂದು ಕ್ಲಿಕ್ ಬೇಡ, ಒಮ್ಮೆಗೇ 20 ಕ್ಲಿಕ್ ಹಾಕಿ. ಕಾಗದದ ಲೆಕ್ಕದಲ್ಲಿ 125 ಮಿ.ಮೀ. ಸರಿಯಬೇಕು. ಟಾರ್ಗೆಟ್‌ನ ಹೊರ ವೃತ್ತ 500 ಮಿ.ಮೀ. ಇರೋದರಿಂದ ಜಾಗ ಸಾಲುತ್ತೆ.

ಕ್ರಮ ಹೀಗೆ. ಸೈಟ್ ಇದ್ದಲ್ಲೇ 10 ಗುಂಡು. ಆಮೇಲೆ 20 ಕ್ಲಿಕ್ ಮೇಲೆ, 10 ಗುಂಡು. 20 ಕ್ಲಿಕ್ ಬಲಕ್ಕೆ, 10 ಗುಂಡು. 20 ಕೆಳಗೆ, 10 ಗುಂಡು. 20 ಎಡಕ್ಕೆ, ಮತ್ತೆ 10 ಗುಂಡು. ಐದು ನಿಲ್ದಾಣ, ಒಟ್ಟು 50 ಗುಂಡು. ಸಾಮಾನ್ಯವಾಗಿ ಒಂದು ಡಬ್ಬಿ. ಗುರಿ ಹಿಡಿಯೋ ಬಿಂದು ಮಾತ್ರ ಕೊನೆವರೆಗೂ ಒಂದೇ. ಗುಂಡು ಎಲ್ಲೋ ಬೀಳ್ತಿದೆ ಅಂತ ನೀವೂ ಆ ಕಡೆ ಹೋಗಬೇಡಿ.

ಈಗ ಪ್ರತಿ ಗುಂಪಿನ ಸರಾಸರಿ ಬಿಂದು ಗುರುತಿಸಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ರೆ ಗುಂಡು ಬಿದ್ದ ಜಾಗ ಪರದೆ ಮೇಲೇ ಸಿಗುತ್ತೆ, ಕಾಗದ ಆದ್ರೆ ಸ್ಕೇಲ್ ಹಿಡಿದು ಅಳೆಯಿರಿ. ನಾಲ್ಕು ಮೂಲೆಯ ಒಂದು ಚೌಕ ಬರಬೇಕು, ಐದನೇ ಗುಂಪು ಮೊದಲನೆಯದರ ಮೇಲೇ ಕೂರಬೇಕು. ಅಕೌಂಟ್ಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆ ಆದ ಹಾಗೆ.

ತಾಳೆ ಆಗದಿದ್ರೆ ಅರ್ಥ ಏನು?

ಚೌಕ ಚೆನ್ನಾಗಿದೆ, ಆದರೆ ಬದಿ 125ರ ಬದಲು 100 ಮಿ.ಮೀ. ಬಂತು. ಏನೂ ತೊಂದರೆ ಇಲ್ಲ. ನಿಮ್ಮ ಕ್ಲಿಕ್‌ನ ನಿಜವಾದ ಬೆಲೆ 5 ಮಿ.ಮೀ., ಅದನ್ನೇ ಬರೆದಿಟ್ಕೊಳ್ಳಿ. ಮ್ಯಾನುಯಲ್‌ನಲ್ಲಿ ಏನೇ ಇರಲಿ.

ಮೇಲೆ ಹೋಗುವಾಗ ಪೂರ್ತಿ ಹೋಗಿ, ಕೆಳಗೆ ಬರುವಾಗ ಅರ್ಧಕ್ಕೆ ನಿಂತಿದೆ. ಸೈಟ್ ಎಲ್ಲೋ ಸಿಕ್ಕಿಹಾಕಿಕೊಳ್ತಿದೆ, ಅಥವಾ ಹುಸಿ ಕ್ಲಿಕ್ ಇದೆ. ಕಸ, ಒಣಗಿದ ಎಣ್ಣೆ ತೆಗೆದು ಮತ್ತೆ ನೋಡಿ.

ಚೌಕ ಓರೆಯಾಗಿದೆ. ಗನ್ ಹಿಡಿದಾಗ ನಿಮ್ಮ ಮಣಿಕಟ್ಟು ವಾಲ್ತಿರಬಹುದು, ಇಲ್ಲವೇ ಸೈಟೇ ಓರೆ ಕೂತಿರಬಹುದು. ಇನ್ನೊಬ್ಬರ ಕೈಯಲ್ಲೂ ಹೊಡೆಸಿ ನೋಡಿದ್ರೆ ಯಾವುದು ಅಂತ ಗೊತ್ತಾಗುತ್ತೆ.

ಐದನೇ ಗುಂಪು ಮನೆಗೇ ವಾಪಸ್ ಬಂದಿಲ್ಲ. ಗುಂಡಿನ ಅದುರಿಕೆಗೆ ಸೈಟ್ ತಾನೇ ಸರಿದಿರಬಹುದು. ಮೊದಲ ಪರೀಕ್ಷೆಯ ಅಲುಗಾಟ ಮತ್ತೆ ನೋಡಿ. ಇದನ್ನ ಸರಿಪಡಿಸದೆ ಸ್ಪರ್ಧೆಗೆ ಹೋಗಬೇಡಿ.

ಗುಂಡು ಬದಲಾದ್ರೆ, ಬೆಳಕು ಬದಲಾದ್ರೆ

ಖಾಲಿ ರಿವಾಲ್ವರನ್ನ ಪಕ್ಕದಿಂದ ನೋಡಿದ್ರೆ ಮುಂದಿನ ಸೈಟ್ ಅಷ್ಟೊಂದು ಎತ್ತರ ಯಾಕೆ ಅನಿಸುತ್ತೆ. ಕಾರಣ ಇದೆ. ಗುಂಡು ಬ್ಯಾರೆಲ್‌ನಿಂದ ಹೊರಗೆ ಬೀಳೋ ಮುಂಚೆಯೇ ಗನ್ ಮೇಲಕ್ಕೆ ಏಳೋಕೆ ಶುರು ಮಾಡಿರುತ್ತೆ. ಅದನ್ನ ಸರಿದೂಗಿಸೋಕೆ, ಗುರಿ ಹಿಡಿದಾಗ ಬ್ಯಾರೆಲ್ ಸ್ವಲ್ಪ ಕೆಳಗೆ ನೋಡೋ ಹಾಗೆ ಸೈಟ್ ಇಟ್ಟಿರ್ತಾರೆ.

ಇದರಿಂದ ಒಂದು ವಿಚಿತ್ರ ಆಗುತ್ತೆ. ನಿಧಾನದ, ಭಾರದ ಗುಂಡು ಬ್ಯಾರೆಲ್ ಒಳಗೆ ಹೆಚ್ಚು ಹೊತ್ತು ಇರುತ್ತೆ. ಅಷ್ಟರಲ್ಲಿ ಗನ್ ಇನ್ನಷ್ಟು ಮೇಲೆದ್ದಿರುತ್ತೆ. ಹಾಗಾಗಿ ಈ ದೂರದಲ್ಲಿ ಭಾರದ ಗುಂಡು ಸಾಮಾನ್ಯವಾಗಿ ಕೆಳಗಲ್ಲ, ಮೇಲೆ ಬೀಳುತ್ತೆ! ಪಾಯಿಂಟ್ 38ರಲ್ಲಿ ಟಾರ್ಗೆಟ್‌ಗೆ ಬಳಸೋ 148 ಗ್ರೇನ್ ಚಪ್ಪಟೆ ಮೂತಿಯ ವಾಡ್‌ಕಟ್ಟರ್ ಗುಂಡಿಗೆ ಹೊಂದಿಸಿದ ಸೈಟ್, 158 ಗ್ರೇನ್ ಗುಂಡಿಗೆ ಹೊಂದಬೇಕು ಅಂತೇನಿಲ್ಲ. ಗುಂಡಿನ ಬ್ರ್ಯಾಂಡ್ ಬದಲಾದ್ರೆ ಎತ್ತರದ ಲೆಕ್ಕ ಮತ್ತೆ ನೋಡಬೇಕು.

ಹಿಡಿತವೂ ಹಾಗೇ. ಮರಳಿನ ಚೀಲದ ಮೇಲೆ ಕೈ ಇಟ್ಟಾಗ ಗನ್ ಏಳೋ ರೀತಿ ಬೇರೆ, ನಿಂತು ಒಂದೇ ಕೈಯಲ್ಲಿ ಹೊಡೆದಾಗ ಬೇರೆ. ಕ್ಲಿಕ್‌ನ ಬೆಲೆ ಚೀಲದ ಮೇಲೆ ಕಂಡುಹಿಡೀರಿ, ಆದರೆ ಅಂತಿಮ ಹೊಂದಾಣಿಕೆ ಸ್ಪರ್ಧೆಯಲ್ಲಿ ನಿಲ್ಲೋ ಭಂಗಿಯಲ್ಲೇ ಆಗಲಿ.

ಇನ್ನು ಬೆಳಕು. ತೆರೆದ ರೇಂಜ್‌ನಲ್ಲಿ ಬಿಸಿಲು ಒಂದು ಪಕ್ಕದಿಂದ ಬಿದ್ರೆ ಕಂಬದ ಒಂದು ಅಂಚು ಹೊಳೆದು, ಕಣ್ಣು ಮೋಸ ಹೋಗುತ್ತೆ. ಬೆಳಿಗ್ಗೆಯ ಗುಂಪು ಮಧ್ಯಾಹ್ನ ಸ್ವಲ್ಪ ಸರಿದ್ರೆ ತಕ್ಷಣ ಸೈಟನ್ನ ಬೈಯಬೇಡಿ. ಹಳಬರು ಕಾರ್ಬೈಡ್ ದೀಪದ ಮಸಿ ಹಿಡಿದು ಸೈಟ್‌ಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಮಾಡ್ತಿದ್ದಿದ್ದು ಈ ಹೊಳಪು ಕೊಲ್ಲೋಕೆ.

ಸೈಟ್ ಮುಟ್ಟಬಾರದ ಹೊತ್ತು

ಬಲಗೈ ಶೂಟರ್‌ಗಳ ಗುಂಡು ಎಡಕ್ಕೆ, ಕೆಳಗೆ ಬೀಳೋದು ತುಂಬಾ ಸಾಮಾನ್ಯ. ಎಷ್ಟೋ ಸಲ ಕಾರಣ ಸೈಟ್ ಅಲ್ಲ, ಟ್ರಿಗರ್ ಎಳೆಯೋ ಕೊನೇ ಕ್ಷಣದ ಭಯ. ಸದ್ದು ಬರುತ್ತೆ ಅಂತ ಕೈ ಮೊದಲೇ ಅದುಮುತ್ತೆ.

ಇಲ್ಲಿ ರಿವಾಲ್ವರ್ ಒಳ್ಳೇ ಮೇಷ್ಟ್ರು. ಕೋಚ್‌ಗೆ ಗನ್ ಕೊಡಿ. ಅವರು ನಿಮಗೆ ಹೇಳದೆ ಕೆಲವು ಗೂಡು ತುಂಬಿ ಕೆಲವು ಖಾಲಿ ಬಿಡ್ತಾರೆ. ನೀವು ಹೊಡೀತಾ ಹೋಗಿ. ಖಾಲಿ ಗೂಡು ಬಂದಾಗ, ಸದ್ದಿಲ್ಲದೆಯೂ ಗನ್ ಮೂತಿ ಕೆಳಗೆ ಕುಕ್ಕಿದ್ರೆ ಕಳ್ಳ ಸಿಕ್ಕಿಬಿದ್ದ. ಅದು ಸೈಟ್ ಅಲ್ಲ, ನೀವು.

ಆ ಭಯವನ್ನ ಸೈಟ್ ತಿರುಗಿಸಿ ಸರಿದೂಗಿಸಿದ್ರೆ? ಕಂಪನಿಯ ನಷ್ಟ ಮುಚ್ಚೋಕೆ ಬ್ಯಾಲೆನ್ಸ್ ಶೀಟ್‌ಗೆ ವಿಂಡೋ ಡ್ರೆಸ್ಸಿಂಗ್ ಮಾಡ್ತಾರಲ್ಲ, ಅದೇ. ಇವತ್ತು ಗುಂಡು ನಡುವೆ ಬೀಳುತ್ತೆ. ನಾಳೆ ಮನಸ್ಸು ಶಾಂತವಾಗಿ ಟ್ರಿಗರ್ ಸರಿಯಾಗಿ ಎಳೆದ ದಿನ ಗುಂಡು ಮೇಲೆ ಬಲಕ್ಕೆ ಹೋಗುತ್ತೆ. ಚೆನ್ನಾಗಿ ಹೊಡೆದಿದ್ದಕ್ಕೇ ಅಂಕ ಕಳ್ಕೊಳ್ತೀರಿ.

ಒಂದೇ ಗುಂಡು ನೋಡಿ ಸೈಟ್ ತಿರುಗಿಸೋದೂ ಅಷ್ಟೇ ಅಪಾಯ. ಒಂದು ಎಡಕ್ಕೆ ಬಿತ್ತು ಅಂತ ಬಲಕ್ಕೆ ತಿರುಗಿಸ್ತೀರಿ, ಮುಂದಿನದು ಬಲಕ್ಕೆ ಬೀಳುತ್ತೆ, ಎಡಕ್ಕೆ ತಿರುಗಿಸ್ತೀರಿ. ಸೈಟ್ ಸುಮ್ಮನಿದ್ದಿದ್ರೆ ಬರ್ತಿದ್ದ ಗುಂಪಿಗಿಂತ ದೊಡ್ಡ ಗುಂಪು ಆಗುತ್ತೆ. ದಿನದ ಏರಿಳಿತ ನೋಡಿ ಷೇರು ಕೊಂಡು ಮಾರೋರ ಕಥೆ ನಿಮಗೆ ಗೊತ್ತೇ ಇದೆ.

ಕಿಟ್ ಬ್ಯಾಗ್‌ನಲ್ಲಿ ಒಂದು ಚೀಟಿ

ಎಲ್ಲಾ ಪರೀಕ್ಷೆ ಮುಗಿದ ಮೇಲೆ ಕೈಗೆ ಬರೋದು ಒಂದು ಸಣ್ಣ ಚೀಟಿ. ಅದರಲ್ಲಿ ಇಷ್ಟಿದ್ರೆ ಸಾಕು: ಯಾವ ಗುಂಡು, ಎಷ್ಟು ದೂರ, ತಳದಿಂದ ಎಷ್ಟನೇ ಕ್ಲಿಕ್, ಒಂದು ಕ್ಲಿಕ್‌ಗೆ ಎಷ್ಟು ಮಿ.ಮೀ., ಯಾವ ಗೂಡು ಖಾಲಿ ಬಿಡಬೇಕು, ಮತ್ತೆ ಸ್ಕ್ರೂ ಯಾವ ಕಡೆ ತಿರುಗಿಸಿದ್ರೆ ಗುಂಡು ಯಾವ ಕಡೆ.

ಸ್ಪರ್ಧೆಯ ದಿನ ಐದು ಅಭ್ಯಾಸ ಗುಂಡು ಹೊಡೀತೀರಿ. ಗುಂಪಿನ ನಡು 30 ಮಿ.ಮೀ. ಎಡಕ್ಕೆ, 12 ಮಿ.ಮೀ. ಕೆಳಗೆ ಇದೆ ಅಂದ್ಕೊಳ್ಳಿ. ನಿಮ್ಮ ಕ್ಲಿಕ್ 6 ಮಿ.ಮೀ. ಇದ್ರೆ ಬಲಕ್ಕೆ ಐದು ಕ್ಲಿಕ್ ಹಾಕಿ. 30 ಮಿ.ಮೀ. ಐದು ಗುಂಡಿನ ಅನಿಶ್ಚಿತತೆಗಿಂತ ಎಷ್ಟೋ ದೊಡ್ಡದು, ಆದ್ದರಿಂದ ಅದು ನಂಬಬಹುದಾದ ಸುದ್ದಿ. ಕೆಳಗಿನ 12 ಮಿ.ಮೀ.? ಐದೇ ಗುಂಡಿನಿಂದ ಅದನ್ನ ಗಟ್ಟಿಯಾಗಿ ಹೇಳೋಕಾಗಲ್ಲ. ನಾನಾಗಿದ್ರೆ ಅದನ್ನ ಮುಟ್ಟಲ್ಲ. ಮೊದಲ ಸರಣಿಯೂ ಕೆಳಗೇ ಬಿದ್ರೆ ಆಗ ಎರಡು ಕ್ಲಿಕ್ ಮೇಲೆ.

ನಿಮ್ಮಲ್ಲಿ ತುಂಬಾ ಜನ ಶುರು ಮಾಡೋದು 10 ಮೀಟರ್ ಏರ್ ಪಿಸ್ತೂಲ್‌ನಿಂದ. ಅಲ್ಲಿ ಹತ್ತರ ವೃತ್ತ 11.5 ಮಿ.ಮೀ. ಮಾತ್ರ, ಗೂಡಿನ ತಲೆನೋವಿಲ್ಲ. ಉಳಿದಿದ್ದೆಲ್ಲ ಇದೇ ಲೆಕ್ಕ: ದೂರವನ್ನ ಸೈಟ್ ರೇಡಿಯಸ್‌ನಿಂದ ಭಾಗಿಸಿ, ದೊಡ್ಡದಾಗಿ ಸರಿಸಿ, ಅಳೆದು ಭಾಗಿಸಿ, ವಾಪಸ್ ಬಂದು ತಾಳೆ ನೋಡಿ.

ನಿಮ್ಮೂರಿನ ರೇಂಜ್‌ನಲ್ಲಿ ಚೌಕ ಪರೀಕ್ಷೆ ಮಾಡಿದ್ರೆ ಆ ಟಾರ್ಗೆಟ್‌ನ ಫೋಟೋ ಕಳಿಸಿ. ಐದನೇ ಗುಂಪು ಮನೆಗೆ ಬಂತೋ ಇಲ್ವೋ ಅಂತ ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಮುಂದಿನ ಎಪಿಸೋಡ್‌ನಲ್ಲಿ ಟ್ರಿಗರ್ ಬಗ್ಗೆ ಮಾತಾಡೋಣ, ಯಾಕಂದ್ರೆ ಇವತ್ತಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲಿದೆ. ಅಲ್ಲಿವರೆಗೂ ನಮಸ್ಕಾರ.